ಆ 49 ಸೆಕೆಂಡು

ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ 2024ರಲ್ಲಿ ಕಿರಿಯ ಪವರ್‌ಮ್ಯಾನ್ ಹುದ್ದೆಗಳಿಗೆ ಅರ್ಜಿ ಕರೆದಾಗ ಒಂದು ಷರತ್ತಿನಲ್ಲಿ ಯಾರಿಗೂ ವಿನಾಯಿತಿ ಇರಲಿಲ್ಲ: 8 ಮೀಟರ್ ಎತ್ತರದ ಕಂಬ ಹತ್ತಲೇಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟೇ ಅಂಕ ಬಂದಿರಲಿ, ಕಂಬ ಹತ್ತದಿದ್ದರೆ ಕೆಲಸವಿಲ್ಲ. ಇದರ ಜೊತೆಗೆ ಇನ್ನೂ ನಾಲ್ಕು ಪರೀಕ್ಷೆಗಳು: 14 ಸೆಕೆಂಡಿನಲ್ಲಿ 100 ಮೀಟರ್ ಓಟ, 3 ನಿಮಿಷದಲ್ಲಿ 800 ಮೀಟರ್ ಓಟ, ಒಂದು ನಿಮಿಷಕ್ಕೆ 50 ಸಲ ಸ್ಕಿಪ್ಪಿಂಗ್, 12 ಪೌಂಡಿನ ಗುಂಡನ್ನು 8 ಮೀಟರ್ ದೂರ ಎಸೆಯುವುದು. ಇವುಗಳಲ್ಲಿ ಎರಡರಲ್ಲಿ ಗೆದ್ದರೆ ಸಾಕು.

ಕಂಬದ ಪರೀಕ್ಷೆಯ ಬಗ್ಗೆ ಎರಡು ಮಾತಿಲ್ಲ. ಮಳೆಗಾಲದ ರಾತ್ರಿ ತಂತಿ ಹರಿದು ಊರೆಲ್ಲ ಕತ್ತಲಾದಾಗ ಲೈನ್‌ಮನ್ ಹತ್ತುವುದು ಅಂಥದೇ ಕಂಬವನ್ನು. ಗುಂಡು ಎಸೆತದಿಂದ ತೋಳಿನ ಬಲ ಗೊತ್ತಾಗುತ್ತದೆ, ನಿಜ. ಆದರೆ ಸೇಫ್ಟಿ ಬೆಲ್ಟಿಗೆ ಒರಗಿ, ಎರಡೂ ಕೈ ತಲೆಗಿಂತ ಮೇಲೆತ್ತಿ, ಬಹಳ ಹೊತ್ತು ಇಕ್ಕಳ ಹಿಡಿದು ತಂತಿ ಬಿಗಿಯುವ ತಾಳಿಕೆಯೇ ಬೇರೆ. ಗುಂಡನ್ನು ದೂರ ಎಸೆದವನಲ್ಲಿ ಆ ತಾಳಿಕೆ ಇದ್ದೇ ಇರುತ್ತದೆ ಎಂದು ಹೇಳಲಾಗದು. ಮೈಬಲದ ಪರೀಕ್ಷೆ ಅಳೆಯಬೇಕಾದದ್ದು ಯಾವುದನ್ನು ಎಂಬ ಪ್ರಶ್ನೆ ಏಳುವುದೇ ಇಲ್ಲಿ.

ಈ ಪ್ರಶ್ನೆ ಕೆನಡಾದ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಟಾನಿ ಮಿಯೊರಿನ್ ಎಂಬ ಮಹಿಳೆ ಕಾಡ್ಗಿಚ್ಚು ನಂದಿಸುವ ತಂಡದಲ್ಲಿದ್ದರು. ಮೂರು ವರ್ಷ ದುಡಿದಿದ್ದರು, ಅವರ ಕೆಲಸದ ಬಗ್ಗೆ ದೂರಿರಲಿಲ್ಲ. ಅಷ್ಟರಲ್ಲಿ ಸರ್ಕಾರ ಹೊಸ ದೇಹದಾರ್ಢ್ಯ ಪರೀಕ್ಷೆಗಳನ್ನು ತಂದಿತು. ನಾಲ್ಕರಲ್ಲಿ ಮೂರನ್ನು ಆಕೆ ದಾಟಿದರು. ಉಳಿದದ್ದು ಓಟ: 2.5 ಕಿಲೋಮೀಟರನ್ನು 11 ನಿಮಿಷದೊಳಗೆ ಮುಗಿಸಬೇಕು. ನಾಲ್ಕು ಸಲ ಓಡಿದರು. ಅವರ ಅತ್ಯುತ್ತಮ ಓಟಕ್ಕೂ 49 ಸೆಕೆಂಡು ಹೆಚ್ಚು ಹಿಡಿಯಿತು. ಕೆಲಸ ಹೋಯಿತು.

ಓಟದ ಹಿಂದೆ ಒಂದು ವೈಜ್ಞಾನಿಕ ಅಳತೆ ಇತ್ತು. ಜೋರಾಗಿ ದುಡಿಯುವಾಗ ಮೈ ಎಷ್ಟು ಆಮ್ಲಜನಕ ಬಳಸಿಕೊಳ್ಳಬಲ್ಲದು ಎಂಬುದರ ಮೇಲೆ ದಮ್ಮಿನ ಶಕ್ತಿಯನ್ನು ಲೆಕ್ಕ ಹಾಕುತ್ತಾರೆ. ದೇಹತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ 50 ಮಿಲಿಲೀಟರ್ ಇರಬೇಕೆಂಬುದು ಅಲ್ಲಿನ ಗೆರೆ. ಗಂಡಸರಲ್ಲಿ ಶೇ 65ರಿಂದ 70ರಷ್ಟು ಮಂದಿ ಮೊದಲ ಯತ್ನದಲ್ಲೇ ಓಟ ಗೆದ್ದರೆ, ಹೆಂಗಸರಲ್ಲಿ ಗೆದ್ದವರು ಶೇ 35 ಮಾತ್ರ. ತರಬೇತಿ ಪಡೆದರೂ ಹೆಚ್ಚಿನ ಮಹಿಳೆಯರಿಗೆ ಆ ಗೆರೆ ಮುಟ್ಟುವುದು ಸಾಧ್ಯವಿಲ್ಲ ಎಂಬ ಸಾಕ್ಷ್ಯವೂ ನ್ಯಾಯಾಲಯದ ಮುಂದೆ ಬಂತು.

1999ರ ಸೆಪ್ಟೆಂಬರ್ 9ರಂದು ತೀರ್ಪು ಹೊರಬಿತ್ತು. ಬರೆದವರು ನ್ಯಾಯಮೂರ್ತಿ ಬೆವರ್ಲಿ ಮೆಕ್‌ಲಾಕ್ಲಿನ್. ಬೆಂಕಿ ನಂದಿಸುವವರಿಗೆ ದಮ್ಮು ಬೇಕು ಎಂಬುದನ್ನು ನ್ಯಾಯಾಲಯ ಒಪ್ಪಿತು. ಆದರೆ ಆ ಕೆಲಸವನ್ನು ಅಪಾಯವಿಲ್ಲದೆ ಮಾಡಲು ಇಷ್ಟೇ ದಮ್ಮು ಬೇಕೆಂದು ಸರ್ಕಾರ ಸಾಬೀತುಪಡಿಸಿರಲಿಲ್ಲ. ಪರೀಕ್ಷೆ ರೂಪಿಸಿದ ಸಂಶೋಧಕರು ಒಳ್ಳೆಯ ಕೆಲಸಗಾರರ ಮೈಕಟ್ಟನ್ನು ಅಳೆದು ಅದನ್ನೇ ಮಟ್ಟವಾಗಿಸಿದ್ದರು. ಹೆಂಗಸರ ಅಂಕಿಗಳನ್ನು ಬೇರೆಯಾಗಿ ನೋಡಿಯೇ ಇರಲಿಲ್ಲ. ಮಿಯೊರಿನ್ ಅವರಿಗೆ ಕೆಲಸ ಮರಳಿ ಸಿಕ್ಕಿತು, ನಿಂತಿದ್ದ ಸಂಬಳವೂ ಬಂತು. ಸಮರ್ಥರು ಹೇಗಿದ್ದಾರೆ ಎಂಬುದು ಒಂದು ಅಳತೆ, ಕೆಲಸ ಏನು ಕೇಳುತ್ತದೆ ಎಂಬುದು ಇನ್ನೊಂದು. ಇವೆರಡನ್ನೂ ಒಂದೆಂದು ತಿಳಿದರೆ ಒಬ್ಬರ ಅನ್ನ ಹೋಗುತ್ತದೆ.

ಹಾಗಾಗಿ ಪರೀಕ್ಷೆ ರೂಪಿಸುವವರು ಮೊದಲು ಹೋಗಬೇಕಾದದ್ದು ಕೆಲಸದ ಜಾಗಕ್ಕೆ. ಎಷ್ಟು ಭಾರ, ನೆಲದಿಂದ ಎಷ್ಟು ಎತ್ತರಕ್ಕೆ, ಗಂಟೆಗೆ ಎಷ್ಟು ಸಲ, ಸೊಂಟ ತಿರುಗಿಸಬೇಕೇ, ಬಿಸಿಲೇ ನೆರಳೇ ಎಂದು ಟೇಪು, ತಕ್ಕಡಿ, ಗಡಿಯಾರ ಹಿಡಿದು ನೋಡಬೇಕು. ಅಮೆರಿಕದ ಅಗ್ನಿಶಾಮಕ ದಳಗಳಲ್ಲಿ ಬಳಕೆಯಲ್ಲಿರುವ ಒಂದು ಪರೀಕ್ಷೆ ಈ ಬಗೆಯದು. 10 ನಿಮಿಷ 20 ಸೆಕೆಂಡಿನೊಳಗೆ ಎಂಟು ಕೆಲಸ ಮುಗಿಸಬೇಕು. ಸುಮಾರು 23 ಕಿಲೋ ತೂಕದ ಅಂಗಿ ತೊಟ್ಟು, ಅದರ ಮೇಲೆ ಇನ್ನೂ 11 ಕಿಲೋ ಹೊತ್ತು ಮೆಟ್ಟಿಲು ಏರುವುದರಿಂದ ಶುರು. ಆಮೇಲೆ ಪೈಪು ಎಳೆಯುವುದು, ಏಣಿ ಎತ್ತುವುದು, ಕತ್ತಲ ಸುರಂಗದಲ್ಲಿ ತೆವಳುವುದು, 75 ಕಿಲೋ ತೂಕದ ಗೊಂಬೆಯನ್ನು ಎಳೆದು ತರುವುದು. ಅಭ್ಯರ್ಥಿಗಳಿಗೆ ಮುಂಚಿತವಾಗಿಯೇ ಸಲಕರಣೆ ಮುಟ್ಟಿ ಅಭ್ಯಾಸ ಮಾಡಲು ಅವಕಾಶವಿದೆ. ಅದು ಬಹಳ ಮುಖ್ಯ.

ಪೆಟ್ಟಾಗಿ ರಜೆ ಹಾಕಿದವರು ಕೆಲಸಕ್ಕೆ ಮರಳುವಾಗಲೂ ಇಂಥ ಪರೀಕ್ಷೆ ನೆರವಾಗುತ್ತದೆ. ಫಿಸಿಯೋಥೆರಪಿಸ್ಟ್ ಭಾರವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ನಾಡಿ ಬಡಿತ, ಉಸಿರು, ಬೆನ್ನು ಬಾಗುವ ರೀತಿಯನ್ನು ಗಮನಿಸುತ್ತಾರೆ. ಮೈ ತಪ್ಪು ಭಂಗಿಗೆ ಜಾರಿದ ಕೂಡಲೇ ನಿಲ್ಲಿಸುತ್ತಾರೆ.

ನಿಲ್ಲಿಸುವ ಎಚ್ಚರ ಇಲ್ಲದ ಕಡೆ ಪರೀಕ್ಷೆಯೇ ಪ್ರಾಣಕ್ಕೆ ಎರವಾಗಬಹುದು. 2024ರ ಆಗಸ್ಟ್ ಹೊತ್ತಿನಲ್ಲಿ ಜಾರ್ಖಂಡ್ ರಾಜ್ಯ ಅಬಕಾರಿ ಕಾನ್‌ಸ್ಟೆಬಲ್ ನೇಮಕಕ್ಕೆ ಗಂಡಸರಿಗೆ ಒಂದು ಗಂಟೆಯಲ್ಲಿ 10 ಕಿಲೋಮೀಟರ್ ಓಟ ಇಟ್ಟಿತ್ತು. ಹತ್ತಕ್ಕೂ ಹೆಚ್ಚು ಯುವಕರು ಸತ್ತರು. ನೌಕರಿಗಾಗಿ ಓಡುವ ಹುಡುಗ ಸುಸ್ತಾಯಿತೆಂದು ತಾನಾಗಿ ನಿಲ್ಲುವುದಿಲ್ಲ. ಓಟಕ್ಕೆ ಮೊದಲು ರಕ್ತದೊತ್ತಡ ನೋಡುವುದು, ನೆರಳು ನೀರು ಒದಗಿಸುವುದು, ಆಂಬುಲೆನ್ಸ್ ನಿಲ್ಲಿಸುವುದು ಓಡಿಸುವವರ ಹೊಣೆ.

ಗಟ್ಟಿಮುಟ್ಟಾದವರನ್ನು ಆರಿಸಿಕೊಂಡರೆ ಬೆನ್ನುನೋವು ತಪ್ಪುತ್ತದೆಯೇ? ಅಮೆರಿಕದ ಸಂಶೋಧಕ ಸ್ಟೋವರ್ ಸ್ನೂಕ್ ಮತ್ತು ಸಂಗಡಿಗರು 1978ರಲ್ಲಿ ಇದನ್ನು ಪರಿಶೀಲಿಸಿದರು. ಆಯ್ಕೆಯಿಂದಾಗಲಿ, ಭಾರ ಎತ್ತುವ ತರಬೇತಿಯಿಂದಾಗಲಿ ಸೊಂಟದ ಪೆಟ್ಟು ಕಡಿಮೆಯಾದದ್ದು ಕಾಣಲಿಲ್ಲ. ಕೆಲಸವನ್ನೇ ಮೈಗೆ ಹೊಂದುವಂತೆ ಬದಲಿಸಿದರೆ ಮೂರರಲ್ಲಿ ಒಂದು ಪಾಲಿನಷ್ಟನ್ನು ತಪ್ಪಿಸಬಹುದೆಂದು ಅವರು ಅಂದಾಜಿಸಿದರು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ 1991ರಲ್ಲಿ ಪರಿಷ್ಕರಿಸಿದ ಸೂತ್ರ, ಎಲ್ಲವೂ ಅನುಕೂಲವಾಗಿದ್ದಾಗ ಎತ್ತಬಹುದಾದ ಭಾರವನ್ನು 23 ಕಿಲೋಗೆ ನಿಲ್ಲಿಸುತ್ತದೆ. ಹೊರೆ ಮೈಯಿಂದ ದೂರವಿದ್ದರೆ, ಸೊಂಟ ತಿರುಚಬೇಕಾದರೆ, ಪದೇ ಪದೇ ಎತ್ತಬೇಕಾದರೆ ಅದು ಇನ್ನೂ ಇಳಿಯುತ್ತದೆ.

ನಮ್ಮೂರ ಅಂಗಡಿಗಳ ಮುಂದೆ ಲಾರಿಯಿಂದ ಇಳಿಯುವ ಸಿಮೆಂಟ್ ಚೀಲ 50 ಕಿಲೋ. ಅದಕ್ಕೆ ಬೆನ್ನು ಕೊಡುವ ಹಮಾಲಿಯ ನಾಡಿ ಹಿಡಿದು ನೋಡುವವರು ಅಲ್ಲಿ ಕಾಣುವುದಿಲ್ಲ. ಪಕ್ಕದಲ್ಲಿ ನಿಂತ ಗುಮಾಸ್ತೆ ಇಳಿದ ಚೀಲಗಳನ್ನು ಎಣಿಸುತ್ತಿರುತ್ತಾನೆ.