ಅರವತ್ತು ವರ್ಷದ ತೊಡಕು

ಸತ್ತೇಗಾಲದಿಂದ ಶಿವನಸಮುದ್ರದ ಕಡೆಗೆ ಹೋಗುವವರಿಗೆ ಕಾವೇರಿಯ ಮೇಲೆ ಕಲ್ಲುಕಂಬಗಳ ಹಳೆಯ ಸೇತುವೆ ಕಾಣುತ್ತದೆ. 2018ರ ಪ್ರವಾಹ ಅದರ ಒಂದು ಭಾಗವನ್ನು ಕೊಚ್ಚಿಕೊಂಡು ಹೋಯಿತು. ಜನ ಅದನ್ನು ವೆಸ್ಲಿ ಸೇತುವೆ ಎನ್ನುತ್ತಾರೆ. ಯಾವನೋ ಪಾದ್ರಿಯ ಹೆಸರಿರಬೇಕೆಂದು ಊಹಿಸುವುದು ಸುಲಭ. ಹಳೆಯ ಗ್ಯಾಸೆಟಿಯರಿನಲ್ಲಿರುವುದು ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರು. ಕಲ್ಲಿನ ಸೇತುವೆಯ ಹೆಸರೇ ಹೀಗೆ ಸವೆದಿರುವಾಗ ಮನೆಯ ಪೆಟ್ಟಿಗೆಯೊಳಗಿನ ಹೆಸರುಗಳ ಪಾಡೇನು?

ಈ ಸೀಮೆಯಲ್ಲಿ ತಮ್ಮ ವಂಶಾವಳಿಯನ್ನು ಬರೆಯಹೊರಟವರು ಮೈಸೂರಿನ ದಫ್ತರಗಳಲ್ಲಿ ಏನೂ ಸಿಗದೆ, ತಮ್ಮವರು ಈಚೆಗೆ ವಲಸೆ ಬಂದವರೆಂದು ತೀರ್ಮಾನಿಸಿಬಿಡುವುದುಂಟು. ಕೊಳ್ಳೇಗಾಲ ತಾಲ್ಲೂಕು 1799ರಲ್ಲಿ ಇಂಗ್ಲಿಷರ ಕೈಸೇರಿ, 1956ರಲ್ಲಿ ಮೈಸೂರಿಗೆ ಮರಳುವ ತನಕ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರೋ 1807ರಿಂದ ಪೂರ್ಣಯ್ಯನವರ ಜಹಗೀರು. ಹೆಣ್ಣು ಕೊಟ್ಟು ತಂದ ನೆರೆಯೂರುಗಳ ಕಾಗದಗಳು ಎರಡು ಆಡಳಿತಗಳ ಪಾಲಾದವು. ಮದರಾಸಿನ ಕಂದಾಯದ ಲೆಕ್ಕ ಫಸಲಿಯದು. 1300ನೆಯ ಫಸಲಿಯೆಂದರೆ 1890ರ ಜುಲೈಯಿಂದ ಮುಂದಿನ ಜೂನಿನವರೆಗೆ. ಅದನ್ನು ಶಕವರ್ಷವೆಂದು ತಿಳಿದವರು ಮುತ್ತಜ್ಜನನ್ನು ವಿಜಯನಗರದ ಕಾಲಕ್ಕೆ ಒಯ್ದು ಕೂರಿಸಿಯಾರು! ದಾಖಲೆ ತಮಿಳು ಲಿಪಿಯಲ್ಲಿದ್ದರೆ ದಕಾರ ತಕಾರಗಳಿಗೆ ಒಂದೇ ಅಕ್ಷರ, ಬಕಾರ ಪಕಾರಗಳಿಗೂ ಹಾಗೆಯೇ. ತಾಸಪ್ಪ, ಪಸಪ್ಪ ಎಂದು ಓದಿಸಿಕೊಂಡವರು ನಮ್ಮ ದಾಸಪ್ಪ, ಬಸಪ್ಪರೇ ಆಗಿರಬಹುದು.

ಇವೆಲ್ಲ ಸಣ್ಣ ತೊಡಕುಗಳು. ದೊಡ್ಡದು ನಮ್ಮ ಸಂವತ್ಸರಚಕ್ರದಲ್ಲಿದೆ. ಹಳೆಯ ಕ್ರಯಪತ್ರದಲ್ಲಿ ಶಕವರ್ಷವಿಲ್ಲದೆ ಬರಿಯ ‘ಧಾತು ಸಂವತ್ಸರ’ವೆಂದಿದ್ದರೆ ಅದು 1816 ಆದೀತು, 1876 ಆದೀತು, 1936 ಕೂಡ ಆದೀತು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವುದು ನಮ್ಮಲ್ಲಿ ರೂಢಿ. ಅವರಿಬ್ಬರ ನಡುವಣ ಅಂತರವೂ ಹೆಚ್ಚು ಕಡಿಮೆ ಅರವತ್ತೇ. ಹೀಗಾಗಿ 1816ರ ಅಜ್ಜನೂ 1876ರ ಮೊಮ್ಮಗನೂ ಒಬ್ಬನೇ ಆಗಿ, ನಡುವಿನ ತಂದೆ ವಂಶವೃಕ್ಷದಿಂದ ಮಾಯವಾಗುತ್ತಾನೆ. ಅವನ ಹೆಂಡತಿಯನ್ನು ಕೇಳುವವರೇ ಇಲ್ಲ. ಅಜ್ಜಿಯ ಹೆಸರು ಮೊಮ್ಮಗನ ಪತ್ನಿಯ ಸ್ಥಾನದಲ್ಲಿ ಹೋಗಿ ನಿಲ್ಲುತ್ತದೆ.

ಬಿಡಿಸುವ ದಾರಿಯಿದೆ. ಪತ್ರದಲ್ಲಿ ತಿಥಿಯೊಡನೆ ವಾರವೂ ಇದ್ದರೆ ಗೆದ್ದಂತೆ. ಅದೇ ತಿಥಿ ಮೂರು ಧಾತುಗಳಲ್ಲಿ ಸಾಮಾನ್ಯವಾಗಿ ಬೇರೆ ಬೇರೆ ವಾರಗಳಲ್ಲಿ ಬೀಳುತ್ತದೆ. ಸ್ವಾಮಿಕಣ್ಣು ಪಿಳ್ಳೆಯವರು 1911ರಲ್ಲಿ ಪ್ರಕಟಿಸಿದ ಕೋಷ್ಟಕಗಳು ಇಂಥ ಕೆಲಸಕ್ಕೆಂದೇ ಹುಟ್ಟಿದವು. ಗಂಗರ ತಾಮ್ರಪಟಗಳ ಮೇಲೆ ಫ್ಲೀಟರು ಸಂಶಯ ತಾಳಿದಾಗಲೂ ಕಾಲಗಣನೆಯ ಪರೀಕ್ಷೆ ಅವರ ಒಂದು ಆಯುಧವಾಗಿತ್ತು. ಅರಸರ ವಂಶಕ್ಕೆ ಸಲ್ಲುವ ಪರೀಕ್ಷೆ ಒಕ್ಕಲಿನ ವಂಶಕ್ಕೇಕೆ ಬೇಡ? ಛಾಪಾ ಕಾಗದದ ಮೇಲೆ ವಿಕ್ಟೋರಿಯಾ ರಾಣಿಯ ಮುಖವಿದ್ದರಂತೂ 1816ರ ಮಾತೇ ಇಲ್ಲ.

ಮನೆಯ ಮುದುಕಿಯರನ್ನು ಕೇಳುವುದನ್ನೂ ಬಿಡಬಾರದು. ‘ಧಾತು ಈಶ್ವರದ ಬರದಲ್ಲಿ ಹೋದರಂತೆ’ ಎಂಬ ಒಂದು ಮಾತು 1876–77ಕ್ಕೆ ನೇರವಾಗಿ ಕೈತೋರಿಸುತ್ತದೆ; ಕಾಗದ ಹೇಳದೆ ಬಿಟ್ಟ ಚಕ್ರವನ್ನು ಬರ ಹೇಳುತ್ತದೆ. ಆದರೆ ಆ ಕಾಲದ ಪ್ರತಿಯೊಂದು ಸಾವನ್ನೂ ಬರಕ್ಕೇ ಕಟ್ಟುವುದು ಜನರ ನೆನಪಿನ ಸ್ವಭಾವ. ಆದ್ದರಿಂದ ಚೆಕ್ಕುಬಂದಿಯಲ್ಲಿ ಹೆಸರು ಬಂದಿರುವ ಪಕ್ಕದ ಹೊಲದವರ ಮನೆಗೂ ಹೋಗಿ ಅವರ ಪೆಟ್ಟಿಗೆಯನ್ನು ತೆರೆಸಬೇಕು. ಅವರು ಒಪ್ಪಿದರೆ, ಅಷ್ಟೇ.