ಬರಿದಾದ ಟೋನರ್ ಕಾರ್ಟ್ರಿಜ್

ಕಛೇರಿಗಳಲ್ಲಿಯೂ ಕಾಲೇಜುಗಳಲ್ಲಿಯೂ ಲೇಸರ್ ಪ್ರಿಂಟರ್ ಇಂದು ಸರ್ವಸಾಮಾನ್ಯವಾದ ಯಂತ್ರ. ಸಾವಿರಾರು ಪುಟಗಳನ್ನು ಅಚ್ಚುಮಾಡಿದ ಬಳಿಕ ಅದರ ಕಾರ್ಟ್ರಿಜ್ ಬರಿದಾಗುತ್ತದೆ. ಆಗ ಹೊಸದನ್ನು ಕೂಡಿಸಿ ಹಳೆಯದನ್ನು ಕಸಕ್ಕೆ ಎಸೆಯುವುದು ವಾಡಿಕೆ. ಆದರೆ ಅದರಲ್ಲಿ ಮುಗಿದುಹೋದುದೇನು, ಉಳಿದಿರುವುದೇನು? ಇದನ್ನು ಅರಿಯಬೇಕಾದರೆ ಈ ಮುದ್ರಣದ ತತ್ತ್ವವನ್ನು ಮೊದಲು ತಿಳಿಯೋಣ.

1938ನೆಯ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯದಲ್ಲಿ ಚೆಸ್ಟರ್ ಕಾರ್ಲ್‌ಸನ್ ತನ್ನ ಸಹಾಯಕನೊಡನೆ ಒಂದು ಪ್ರಯೋಗ ನಡೆಸಿದನು. ಗಂಧಕವನ್ನು ಲೇಪಿಸಿದ ಸತುವಿನ ತಗಡನ್ನು ಬಟ್ಟೆಯಿಂದ ಉಜ್ಜಿ, ಅದಕ್ಕೆ ಸ್ಥಿರವಿದ್ಯುತ್ತನ್ನು ಕೊಟ್ಟು, ಅಕ್ಷರ ಬರೆದ ಗಾಜಿನ ಮೂಲಕ ಬೆಳಕು ಬೀಳಿಸಿದನು. ಬೆಳಕು ತಾಕಿದೆಡೆ ವಿದ್ಯುತ್ತು ಹರಿದುಹೋಯಿತು. ಅಕ್ಷರದ ನೆರಳು ಬಿದ್ದೆಡೆ ಉಳಿಯಿತು. ಮೇಲೆ ಉದುರಿಸಿದ ನಯವಾದ ಪುಡಿ ಅಲ್ಲಿ ಮಾತ್ರ ಅಂಟಿ ಅಕ್ಷರ ಮೂಡಿತು.

ಇಂದಿನ ಯಂತ್ರವೂ ಇದೇ ತತ್ತ್ವವನ್ನು ಅನುಸರಿಸುತ್ತದೆ. ತಗಡಿನ ಬದಲು ಬೆಳಕಿಗೆ ಸ್ಪಂದಿಸುವ ಲೇಪನವುಳ್ಳ ಅಲ್ಯೂಮಿನಿಯಮ್ ಡ್ರಮ್ ಇದೆ. ಅದರ ಮೇಲೆ ಲೇಸರ್ ಕಿರಣ ಅಕ್ಷರಗಳನ್ನು ರೂಪಿಸುತ್ತದೆ. ಇಲ್ಲಿ ಸಾಮಾನ್ಯವಾಗಿ ಬೆಳಕು ತಾಕಿದ ಭಾಗಕ್ಕೇ ಪುಡಿ ಅಂಟುವುದೊಂದೇ ವ್ಯತ್ಯಾಸ. ಟೋನರ್ ಎಂಬ ಈ ಪುಡಿ ಶಾಯಿಯಲ್ಲ. ಇಂಗಾಲದ ಕಪ್ಪನ್ನು ಬೆರೆಸಿದ ಪ್ಲಾಸ್ಟಿಕ್ಕಿನ ಅತಿಸೂಕ್ಷ್ಮ ಕಣಗಳ ರಾಶಿ. ಬಿಸಿಯಾದ ಉರುಳೆಯ ಕೆಳಗೆ ಕರಗಿ ಅದು ಕಾಗದವನ್ನು ಕಚ್ಚಿಕೊಳ್ಳುತ್ತದೆ.

ಅನೇಕ ಕಾರ್ಟ್ರಿಜ್‌ಗಳಲ್ಲಿ ಪುಡಿಯ ಜೊತೆಗೆ ಡ್ರಮ್, ಅದಕ್ಕೆ ವಿದ್ಯುತ್ತನ್ನು ಕೊಡುವ ಉರುಳೆ, ಪುಡಿಯನ್ನು ಎತ್ತುವ ಉರುಳೆ, ಉಳಿದ ಪುಡಿಯನ್ನು ಒರೆಸುವ ಪಟ್ಟಿ ಇವೆಲ್ಲವೂ ಇರುತ್ತವೆ. ಮುಗಿಯುವುದು ಪುಡಿ ಮಾತ್ರ. ಉಳಿದ ಭಾಗಗಳು ಬಹುಮಟ್ಟಿಗೆ ಇನ್ನೂ ಕೆಲಸಕ್ಕೆ ಯೋಗ್ಯವಾಗಿರುತ್ತವೆ. ಅದನ್ನು ಎಸೆಯುವುದೆಂದರೆ ಎಣ್ಣೆ ತೀರಿತೆಂದು ದೀಪವನ್ನೇ ಬಿಸುಟಂತೆ.

ಆದುದರಿಂದ ಕಾರ್ಟ್ರಿಜ್ಜನ್ನು ಬಿಚ್ಚಿ, ಶುಚಿಮಾಡಿ, ಸವೆದ ಭಾಗಗಳನ್ನು ಬದಲಿಸಿ, ಪುಡಿಯನ್ನು ಮತ್ತೆ ತುಂಬುವುದು ಉಚಿತವಾದ ಮಾರ್ಗ. ಆದರೆ ಪುಡಿ ಆಯಾ ಯಂತ್ರಕ್ಕೆ ಹೊಂದುವಂತಹುದೇ ಆಗಿರಬೇಕು. ಕರಗುವ ಉಷ್ಣತೆ ಬೇರೆಯಾದರೆ ಅಕ್ಷರ ಅಳಿಸಿಹೋಗಬಹುದು, ಇಲ್ಲವೇ ಬಿಸಿ ಉರುಳೆಗೆ ಪುಡಿ ಮೆತ್ತಿಕೊಳ್ಳಬಹುದು. ಡ್ರಮ್ಮಿನ ಲೇಪನವೂ ಕ್ರಮೇಣ ಸವೆಯುವುದರಿಂದ ಮರುಬಳಕೆಗೊಂದು ಮಿತಿಯುಂಟು.

ಕೊಂಡ ಕಾರ್ಟ್ರಿಜ್ಜನ್ನು ಮತ್ತೆ ತುಂಬುವ ಹಕ್ಕು ಯಾರದು ಎಂಬ ವಿವಾದವೂ ನಡೆದಿದೆ. ವಸ್ತುವನ್ನು ಮಾರಿದ ಬಳಿಕ ಪೇಟೆಂಟಿನ ಬಲದಿಂದ ಅದರ ಮರುಬಳಕೆಯನ್ನು ತಡೆಯಲಾಗದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಲೆಕ್ಸ್‌ಮಾರ್ಕ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ನಮ್ಮ ದೇಶದಲ್ಲಿ 2023ನೆಯ ಏಪ್ರಿಲ್ 1ರಂದು ಜಾರಿಗೆ ಬಂದ ವಿದ್ಯುನ್ಮಾನ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಪ್ರಿಂಟರುಗಳೊಡನೆ ಕಾರ್ಟ್ರಿಜ್‌ಗಳೂ ಸೇರಿವೆ. ಅವುಗಳ ಸಂಸ್ಕರಣದ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಲಾಗಿದೆ.

ಈ ಉಳಿತಾಯವು ದುಡಿಯುವವನ ಆರೋಗ್ಯಕ್ಕೆ ಎರವಾಗಬಾರದು. ನಮ್ಮ ಪಟ್ಟಣಗಳ ಚಿಕ್ಕ ಅಂಗಡಿಗಳಲ್ಲಿ ದಿನವಿಡೀ ಪುಡಿ ತುಂಬುವವರು ಈ ಸೂಕ್ಷ್ಮ ಕಣಗಳನ್ನು ಉಸಿರಿನೊಡನೆ ಸೇವಿಸುವ ಅಪಾಯವಿದೆ. ಅವರಿಗೆ ಮುಖಕವಚವೂ ಧೂಳನ್ನು ಹೀರಿ ಹೊರಸಾಗಿಸುವ ಏರ್ಪಾಟೂ ಅಗತ್ಯ. ಗಾಳಿಯಲ್ಲಿ ದಟ್ಟವಾಗಿ ಹರಡಿದ ಪುಡಿ ಕಿಡಿ ತಾಕಿದರೆ ಸ್ಫೋಟಿಸಲೂಬಹುದು. ಆದುದರಿಂದ ಕಾರ್ಟ್ರಿಜ್ಜನ್ನು ಸುಡಲೇಬಾರದು. ಚೆಲ್ಲಿದ ಪುಡಿಯನ್ನು ಮನೆಯ ಧೂಳುಹೀರುಕದಿಂದ ತೆಗೆಯಬಾರದು. ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು.

ವಿದ್ಯಾರ್ಥಿಗಳಾದ ನಾವು ಮಾಡಬಹುದಾದುದೂ ಇದೆ. ಕರಡುಪ್ರತಿಯನ್ನು ತಿಳಿಯಾಗಿ ಅಚ್ಚುಮಾಡಿದರೆ ಪುಡಿ ಉಳಿಯುತ್ತದೆ. ಹಾಳೆಯ ಎರಡೂ ಮಗ್ಗುಲಲ್ಲಿ ಮುದ್ರಿಸುವುದರಿಂದ ಉಳಿಯುವುದು ಕಾಗದವೇ ಹೊರತು ಪುಡಿಯಲ್ಲ. ಬರಿದಾದ ಕಾರ್ಟ್ರಿಜ್ಜನ್ನು ಡ್ರಮ್ಮಿಗೆ ಬೆಳಕು ತಾಕದಂತೆ ಪೆಟ್ಟಿಗೆಯಲ್ಲಿರಿಸಿ ಮರುಬಳಕೆಗೆ ಕೊಡಬೇಕು. ಮೊದಲು ಮಿತವ್ಯಯ, ಅನಂತರ ಮರುಪೂರಣ, ಕಟ್ಟಕಡೆಗೆ ಕರಗಿಸುವಿಕೆ: ಈ ಕ್ರಮವನ್ನು ಪಾಲಿಸಿದರೆ ಕಸದ ರಾಶಿ ತಾನಾಗಿಯೇ ತಗ್ಗುವುದು.