ಅರೆ ಪೈಸೆಯ ಲೆಕ್ಕ

ಇಂದು ನಮ್ಮ ಹೆಣ್ಣುಮಕ್ಕಳು ಅಂಕಗಣಿತದೊಡನೆ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ವಿದ್ಯೆಯನ್ನೂ ಕಲಿಯುತ್ತಿರುವರು. ಹನ್ನೆರಡೂವರೆಯನ್ನು ಪೂರ್ಣಾಂಕಕ್ಕೆ ತರುವಾಗ ಹನ್ನೆರಡೆನ್ನಬೇಕೋ ಹದಿಮೂರೆನ್ನಬೇಕೋ ಎಂಬ ಪ್ರಶ್ನೆಯು ಅಲ್ಲಿ ಬೇಗನೆ ಏಳುವುದು. ಕೊಡಗಿನ ಅಂಗಡಿಗಳಿಗೆ ಈ ಪ್ರಶ್ನೆ ಹೊಸದಲ್ಲ.

1956ನೆಯ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದೊಡನೆ ಸೇರಿತು. ಐದು ತಿಂಗಳ ತರುವಾಯ, 1957ನೆಯ ಏಪ್ರಿಲ್ 1ರಂದು, ದೇಶಕ್ಕೆಲ್ಲ ದಶಮಾಂಶ ನಾಣ್ಯಪದ್ಧತಿ ಬಂದಿತು. ಹದಿನಾರಾಣೆಯ ರೂಪಾಯಿಗೆ ನೂರು ನಯಾ ಪೈಸೆಯಾದುದರಿಂದ ಒಂದಾಣೆಗೆ ಆರೂಕಾಲು ಪೈಸೆ ಬಿದ್ದಿತು. ಕಾಲು ಪೈಸೆಯ ನಾಣ್ಯವಾದರೋ ಇರಲಿಲ್ಲ. ಆದಕಾರಣ ಅರೆ ಪೈಸೆಯನ್ನೂ ಅದಕ್ಕಿಂತ ಕಡಮೆಯಾದುದನ್ನೂ ಬಿಡತಕ್ಕದ್ದು, ಅರೆಗೆ ಮಿಕ್ಕುದನ್ನು ಒಂದೆಂದು ಎಣಿಸತಕ್ಕದ್ದು ಎಂಬ ನಿಯಮವಾಯಿತು. ಅದರಂತೆ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಪೈಸೆ. ಎರಡಾಣೆಯ ಸರಕನ್ನು ಎಂಟು ಮಂದಿಗೆ ಬೇರೆಬೇರೆಯಾಗಿ ಮಾರಿದರೆ 96 ಪೈಸೆ. ಒಬ್ಬರಿಗೇ ಒಟ್ಟಾಗಿ ಮಾರಿದರೆ ಪೂರಾ ಒಂದು ರೂಪಾಯಿ!

ಸರಿಯಾಗಿ ಅರೆ ಪೈಸೆ ಉಳಿಯುವುದು 2, 6, 10, 14 ಆಣೆಗಳಲ್ಲಿ: 12½, 37½, 62½, 87½. ಇವುಗಳ ನಿಜವಾದ ಮೊತ್ತ 200. ಅಂದಿನ ನಿಯಮದಂತೆ ಅರೆಯನ್ನು ಬಿಟ್ಟರೆ 198 ಆಗುವುದು. ಶಾಲೆಯಲ್ಲಿ ಕಲಿಸುವಂತೆ ಅರೆಯನ್ನು ಮೇಲಕ್ಕೇರಿಸಿದರೆ 202 ಆಗುವುದು. ಮೂರನೆಯ ಕ್ರಮವೊಂದುಂಟು: ಅರೆ ಬಂದಾಗ ಸಮೀಪದ ಸಮಸಂಖ್ಯೆಗೆ ಹೋಗುವುದು. ಆಗ 12, 38, 62, 88. ಕೂಡಿದರೆ ಸರಿಯಾಗಿ 200. ಒಮ್ಮೆ ಇಳಿದು ಒಮ್ಮೆ ಏರುವುದರಿಂದ ತಪ್ಪುಗಳು ಒಂದನ್ನೊಂದು ತೀರಿಸಿಕೊಳ್ಳುತ್ತವೆ. ಎಲ್ಲ ಲೆಕ್ಕಗಳಲ್ಲಿಯೂ ಇಷ್ಟು ಚೊಕ್ಕವಾಗದಿದ್ದರೂ ಹಲವು ಅಂಕೆಗಳ ಮೊತ್ತವು ಒಂದೇ ಪಕ್ಕಕ್ಕೆ ವಾಲುವುದು ತಪ್ಪುತ್ತದೆ.

ಪೈಥಾನ್ ಭಾಷೆಯ ಈಗಿನ ರೌಂಡ್ ಎಂಬ ಆಜ್ಞೆಯು ಈ ಮೂರನೆಯ ಕ್ರಮವನ್ನೇ ಅನುಸರಿಸುವುದು. ಎಕ್ಸೆಲ್‌ನಲ್ಲಿ ಅದೇ ಹೆಸರಿನ ಆಜ್ಞೆಯು ಹನ್ನೆರಡೂವರೆಯನ್ನು ಹದಿಮೂರಾಗಿಸುವುದು. ಹೆಸರು ಒಂದೇ ಆದರೂ ಉತ್ತರ ಬೇರೆ.

ಹಾಗಾದರೆ ಯಾವುದನ್ನು ಆರಿಸಬೇಕು? ಕಾನೂನು ಒಂದು ಕ್ರಮವನ್ನು ವಿಧಿಸಿದ್ದರೆ ಅದನ್ನೇ ಪಾಲಿಸಬೇಕು. ನಲವತ್ತು ಮಂದಿ ಕೂರುವ ಬಸ್ಸಿಗೆ ನಲವತ್ತೈದು ಹುಡುಗಿಯರಿದ್ದರೆ ಭಿನ್ನವು ಎಷ್ಟೇ ಸಣ್ಣದಿದ್ದರೂ ಮೇಲಕ್ಕೇರಿಸಿ ಎರಡು ಬಸ್ಸು ತರಿಸಬೇಕು. ಬಹಳ ಅಂಕೆಗಳನ್ನು ಕೂಡುವಲ್ಲಿ ಸಮಸಂಖ್ಯೆಯ ಕ್ರಮವು ಲೇಸು. ಎಲ್ಲಕ್ಕೂ ಮಿಗಿಲಾಗಿ, ಮೊದಲು ಕೂಡಿ ಕಡೆಯಲ್ಲಿ ಮಾತ್ರ ಪೂರ್ಣಾಂಕಕ್ಕೆ ತರುವುದು ಒಳ್ಳೆಯದು. ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಮಗಳು ಯಂತ್ರದ ಉತ್ತರವನ್ನು ತಂದು ತೋರಿಸಿದಾಗ, ಬಿಟ್ಟ ಅರೆ ಪೈಸೆ ಯಾರ ಕೈಸೇರಿತೆಂದು ಅವಳನ್ನು ಕೇಳಿರಿ.